ಬೋರ್‌ವೆಲ್ ನೀರಿನ ಸಂಶೋಧನೆಗೆ ದುಡ್ಡು ಎಲ್ಲಿ ಕೇಳಬೇಕು? ಅನುಭವ ಇರುವವರು ಹೇಳಿ

ಪ್ರಶ್ನೆ: ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ, ರಾಯಚೂರು ಕಡೆ

ಎಲ್ಲರಿಗೂ ನಮಸ್ಕಾರ. ರಾಜ್ಯ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಕೇಂದ್ರಕ್ಕೆ ಕಳೆದ ವರ್ಷ ಸೇರಿದ್ದೇನೆ, ಕಾಯಂ ಹುದ್ದೆ. ಪಿಎಚ್‌ಡಿ ಮಾಡಿದ್ದು ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ವಿಧಾನಗಳ ಮೇಲೆ. ಇಲ್ಲಿ ಸುತ್ತಮುತ್ತಲ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಕೆಲಸಕ್ಕೇನೂ ಬರ ಇಲ್ಲ. ಆದರೆ ಲ್ಯಾಬಿನಲ್ಲಿ ಇರುವುದು ಒಂದು ಹಳೇ ಸ್ಪೆಕ್ಟ್ರೋಫೋಟೋಮೀಟರ್, ಒಂದು ಪಿಎಚ್ ಮೀಟರ್ ಅಷ್ಟೇ. "ಪ್ರಾಜೆಕ್ಟ್ ಹಾಕಿ, ಪ್ರಾಜೆಕ್ಟ್ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ. ಯಾರಿಗೆ ಹಾಕಬೇಕು, ಎಷ್ಟು ಕೇಳಬೇಕು ಅಂತ ಯಾರೂ ಹೇಳುವುದಿಲ್ಲ. ಐಐಟಿ, ಐಐಎಸ್‌ಸಿಯವರ ಎದುರು ನಮ್ಮಂಥವರಿಗೆ ಸಿಗುತ್ತಾ?

ಭೌತಶಾಸ್ತ್ರ ಮೇಷ್ಟ್ರು, ದಾವಣಗೆರೆ

ಸಿಗುತ್ತೆ ಮೇಡಂ. ಆದರೆ ಐಐಟಿಯವರು ನಿಂತ ಸಾಲಿನಲ್ಲೇ ನೀವೂ ಹೋಗಿ ನಿಲ್ಲಬೇಕಾಗಿಲ್ಲ. ನಮಗೇ ಅಂತ ಬೇರೆ ಸಾಲುಗಳಿವೆ, ಅವನ್ನು ನಮ್ಮವರೇ ಸರಿಯಾಗಿ ನೋಡುವುದಿಲ್ಲ.

ಮೊದಲು ಹೆಸರು ಬದಲಾಗಿದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹುಡುಕುವಾಗ ಗೊಂದಲ ಆಗುತ್ತೆ. ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿಯನ್ನು ನಮ್ಮ ಕಾಲದಲ್ಲಿ ಎಲ್ಲರೂ ಸರ್ಬ್, ಸರ್ಬ್ ಅನ್ನುತ್ತಿದ್ದೆವು. 2023ರ ಕಾಯ್ದೆಯಿಂದ ಅದು ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಒಳಗೆ ಸೇರಿಹೋಯಿತು. ಈಗ ಎಎನ್‌ಆರ್‌ಎಫ್ ಅಂತಾರೆ. ಐದು ವರ್ಷಕ್ಕೆ 50,000 ಕೋಟಿ ಅಂತ ದೊಡ್ಡ ಸುದ್ದಿ ಆಯಿತು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕಾದದ್ದು. ಬಂದಾಗ ನೋಡೋಣ!

ನಿಮಗೆ ಹೊಂದುವುದು ಎರಡು ಬಗೆ. ಒಂದು, ಸರ್ಬ್ ಕಾಲದಲ್ಲಿ ಶುರುವಾದ ಶ್ಯೂರ್. ರಾಜ್ಯ ವಿವಿಗಳು, ಖಾಸಗಿ ವಿವಿ ಮತ್ತು ಕಾಲೇಜುಗಳ ಅಧ್ಯಾಪಕರಿಗೆ ಅಂತಲೇ ಮಾಡಿದ್ದು, ಮೂರು ವರ್ಷಕ್ಕೆ 30 ಲಕ್ಷದವರೆಗೆ. ಇನ್ನೊಂದು ಟೇರ್. ನಿಮ್ಮ ಕೆಲಸ ಬಿಡದೆ ಐಐಟಿ, ಎನ್‌ಐಟಿ, ರಾಷ್ಟ್ರೀಯ ಪ್ರಯೋಗಾಲಯದಂಥ ಕಡೆ ಒಬ್ಬರ ಜೊತೆ ಸೇರಿ ಸಂಶೋಧನೆ ಮಾಡುವುದು. ವರ್ಷಕ್ಕೆ 5 ಲಕ್ಷ ಸಂಶೋಧನಾ ಹಣ, ಅದರಲ್ಲಿ ಅರ್ಧ ನಿಮ್ಮ ಸಂಸ್ಥೆಗೆ, ಅರ್ಧ ಅಲ್ಲಿಗೆ. ನಿಮಗೆ ವರ್ಷಕ್ಕೆ 60,000 ಫೆಲೋಶಿಪ್, ಮೂರು ವರ್ಷ. ಇವೆಲ್ಲ ಯೋಜನೆ ಶುರುವಾದಾಗಿನ ಅಂಕಿಗಳು. ಅರ್ಜಿ ಕರೆದಾಗ ಆ ವರ್ಷದ ಪ್ರಕಟಣೆ ಓದಿಯೇ ಮುಂದುವರಿಯಿರಿ.

ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್ ಅಂತಲೂ ಒಂದಿದೆ. ಇದು ವೃತ್ತಿಯ ಶುರುವಿನಲ್ಲಿ ಇರುವವರಿಗೆ. ಪೈಪೋಟಿ ಜೋರು. ಆದರೂ ಹೊಸಬರಿಗೆ ಇರುವ ಯೋಜನೆಗಳ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ, ಅದಕ್ಕೆ ಒಂದು ಕಣ್ಣಿಟ್ಟಿರಿ. ಯುಜಿಸಿಯ ಡಿ.ಎಸ್. ಕೊಠಾರಿ ಗ್ರಾಂಟ್ ಕೂಡ ಅಂಥದ್ದೇ. ಹೊಸದಾಗಿ ಕಾಯಂ ಆದ ಸಹಾಯಕ ಪ್ರಾಧ್ಯಾಪಕರಿಗೆ 10 ಲಕ್ಷ, 2022ರಲ್ಲಿ ಘೋಷಿಸಿದ್ದು.

ಎಂಜಿನಿಯರಿಂಗ್ ಕಾಲೇಜು, ತುಮಕೂರು

ಸರ್ ಹೇಳಿದ್ದು ಸರಿ. ಆದರೆ ನಾನಾಗಿದ್ದರೆ ಮೊದಲು ದೆಹಲಿ ಕಡೆ ನೋಡುತ್ತಿರಲಿಲ್ಲ. ಬೆಂಗಳೂರು ಸಾಕು.

ವಿಜ್ಞಾನ, ತಂತ್ರಜ್ಞಾನಕ್ಕೆ ಅಂತ ರಾಜ್ಯ ಸರ್ಕಾರದ ವಿಷನ್ ಗ್ರೂಪ್ ಇದೆಯಲ್ಲ, ವಿಜಿಎಸ್‌ಟಿ. ಕೆ-ಫಿಸ್ಟ್ ಅಂತ ವಿಭಾಗಕ್ಕೆ ಉಪಕರಣ ಕೊಳ್ಳಲು ಕೊಟ್ಟಿದ್ದಾರೆ, ಯುವ ಸಂಶೋಧಕರಿಗೆ ಸೀಡ್ ಮನಿ, ಅಂದರೆ ಕೆಲಸ ಶುರು ಮಾಡಲು ಒಂದಿಷ್ಟು ದುಡ್ಡು, ಕೊಟ್ಟಿದ್ದಾರೆ. ಕರ್ನಾಟಕದೊಳಗಿನ ಪೈಪೋಟಿ ಅಷ್ಟೇ, ಫ್ಲೋರೈಡ್ ಸಮಸ್ಯೆ ಏನು ಅಂತ ಅಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಐಐಎಸ್‌ಸಿ ಆವರಣದಲ್ಲಿರುವ ರಾಜ್ಯದ ವಿಜ್ಞಾನ ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿ, 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡುತ್ತಾ ಬಂದಿದೆ. ಹೆಚ್ಚಾಗಿ ನಮ್ಮ ಎಂಜಿನಿಯರಿಂಗ್ ಹುಡುಗರಿಗೆ, ಮೊತ್ತ ಚಿಕ್ಕದು. ಆದರೆ ಅದರಲ್ಲೂ ಲೆಕ್ಕ ಕೊಟ್ಟು, ವರದಿ ಕೊಟ್ಟು ರೂಢಿ ಆಗುತ್ತೆ.

ಎಲ್ಲಕ್ಕಿಂತ ಮೊದಲು ನಿಮ್ಮ ವಿವಿಯಲ್ಲೇ ಸೀಡ್ ಮನಿ ಇದೆಯಾ ವಿಚಾರಿಸಿ. ಕಾಲೇಜು, ವಿವಿಗಳಿಗೆ ದರ್ಜೆ ಕೊಡುವ ನ್ಯಾಕ್‌ನವರು ಅದರ ಲೆಕ್ಕ ಕೇಳುತ್ತಾರೆ, ಹಾಗಾಗಿ ಎಷ್ಟೋ ವಿವಿಗಳು ಆ ಹೆಸರಲ್ಲಿ ಒಂದಿಷ್ಟು ತೆಗೆದಿಡುತ್ತವೆ. ಕೇಳುವವರಿಲ್ಲದೆ ಸುಮ್ನೆ ಬಿದ್ದಿರುವುದೂ ಉಂಟು. ಒಂದೆರಡು ಲಕ್ಷ ಸಿಕ್ಕರೂ ನಿಮ್ಮ ಕೈಯಲ್ಲಿ ಸ್ವಂತ ಡೇಟಾ ಇರುತ್ತೆ. ಡೇಟಾ ಇಲ್ಲದೆ 30 ಲಕ್ಷ ಕೇಳಿದರೆ ಯಾರು ಕೊಡುತ್ತಾರೆ?

ಭೌತಶಾಸ್ತ್ರ ಮೇಷ್ಟ್ರು, ದಾವಣಗೆರೆ

ಒಪ್ಪಲಾರೆ ಸರ್. ಚಿಕ್ಕದು ಮುಗಿಸಿ ದೊಡ್ಡದು ಅಂತ ಕೂತರೆ ವಯಸ್ಸಿನ ಮಿತಿ ದಾಟಿಹೋಗುತ್ತೆ. ಎರಡೂ ಒಟ್ಟಿಗೆ ನಡೆಯಲಿ. ಬಡ್ತಿ ಲೆಕ್ಕವೂ ಇದೆ ನೋಡಿ: 2018ರ ಯುಜಿಸಿ ನಿಯಮದಲ್ಲಿ 10 ಲಕ್ಷ ಮೀರಿದ ಪ್ರಾಜೆಕ್ಟ್ ಮುಗಿಸಿದರೆ 10 ಅಂಕ, ಅದಕ್ಕಿಂತ ಕಡಿಮೆ ಇದ್ದರೆ 5.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಟೇರ್ ಬಗ್ಗೆ ಕೇಳಿಯೇ ಇರಲಿಲ್ಲ. ಆದರೆ ಗುರುತು ಪರಿಚಯ ಇಲ್ಲದ ದೊಡ್ಡ ಪ್ರೊಫೆಸರ್ ಹತ್ತಿರ "ನನ್ನನ್ನು ಸೇರಿಸಿಕೊಳ್ಳಿ" ಅಂತ ಕೇಳುವುದು ಹೇಗೆ? ಮುಜುಗರ ಆಗುತ್ತೆ.

ಪದವಿ ಕಾಲೇಜು, ಕರಾವಳಿ

ನಾನು ಹಾಗೇ ಗುರುತಿಲ್ಲದವರಿಗೆ ಬರೆದು ಸೇರಿಕೊಂಡವಳು, ಅದಕ್ಕೆ ಹೇಳುತ್ತೇನೆ. ದೊಡ್ಡ ಹೆಸರಿನವರನ್ನು ಬಿಟ್ಟುಬಿಡಿ. ಅವರ ಲ್ಯಾಬಿನಲ್ಲಿ ಜಾಗವೂ ಇಲ್ಲ, ಅವರಿಗೆ ಪುರುಸೊತ್ತೂ ಇಲ್ಲ. ಅದೇ ಸಂಸ್ಥೆಯಲ್ಲಿ ಐದಾರು ವರ್ಷದ ಹಿಂದೆ ಸೇರಿದವರನ್ನು ಹುಡುಕಿ. ಅವರಿಗೂ ಕೆಲಸ ಮಾಡುವ ಜನ ಬೇಕಿರುತ್ತಾರೆ.

ಮೇಲ್‌ನಲ್ಲಿ ನಿಮ್ಮ ಬಯೋಡೇಟಾ ಪೂರ್ತಿ ತುಂಬಬೇಡಿ. ಅವರ ಇತ್ತೀಚಿನ ಒಂದು ಪೇಪರ್ ಓದಿ, ಅದಕ್ಕೂ ನಿಮ್ಮ ಕೆಲಸಕ್ಕೂ ಎಲ್ಲಿ ಕೂಡುತ್ತೆ ಅಂತ ನಾಲ್ಕು ಸಾಲು ಬರೆಯಿರಿ. ಆಮೇಲೆ ನಿಮ್ಮ ಹತ್ತಿರ ಏನಿದೆ ಅಂತ ಹೇಳಿ. ನಿಮ್ಮ ಹತ್ತಿರ ಇರುವುದು ಅವರ ಹತ್ತಿರ ಇಲ್ಲ ಮೇಡಂ: ಊರಿನ ಹೆಸರು ಸಮೇತ ಬೋರ್‌ವೆಲ್‌ಗಳು, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹೋಗಿ ನೀರು ತರುವ ನಿಮ್ಮ ಎಂಎಸ್‌ಸಿ ಮಕ್ಕಳು. ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಇನ್ನೊಬ್ಬರಿಗೆ ಬರೆಯಿರಿ. ಮುಜುಗರ ಯಾಕೆ?

ರಜೆಯ ವಿಷಯ ಮಾತ್ರ ನಿಮ್ಮ ಮುಖ್ಯಸ್ಥರ ಹತ್ತಿರ ಮೊದಲೇ ಮಾತಾಡಿ, ಬರಹದಲ್ಲಿ ಇಟ್ಟುಕೊಳ್ಳಿ. ದುಡ್ಡು ಮಂಜೂರಾದ ಮೇಲೆ "ಪಾಠ ಯಾರು ಮಾಡುತ್ತಾರೆ" ಅನ್ನುವ ರಗಳೆ ಶುರುವಾಗುತ್ತೆ.

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಪ್ರಸ್ತಾವನೆಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಕೂತವನು ನಾನು. ನಿಮ್ಮ ವಿಷಯದ್ದೇ ಮಾತಾಡುತ್ತೇನೆ. ಫ್ಲೋರೈಡ್ ಹೀರುವ ಹೊಸ ವಸ್ತು ಅಂತ ರಾಶಿ ರಾಶಿ ಅರ್ಜಿ ಬರುತ್ತವೆ. ಹುಣಸೆ ಬೀಜದ ಇದ್ದಿಲು, ಬಾಳೆ ಸಿಪ್ಪೆ, ನ್ಯಾನೋ ಇದು, ನ್ಯಾನೋ ಅದು. ಎಲ್ಲರೂ ಲ್ಯಾಬಿನಲ್ಲೇ ತಯಾರಿಸಿದ ನೀರಲ್ಲಿ 90 ಶೇಕಡಾ ತೆಗೆದೆವು ಅನ್ನುತ್ತಾರೆ. ನಿಜವಾದ ಬೋರ್‌ವೆಲ್ ನೀರಲ್ಲಿ ಬೈಕಾರ್ಬೊನೇಟ್ ಇರುತ್ತೆ, ಅದು ಜಾಸ್ತಿ ಇದ್ದರೆ ಫ್ಲೋರೈಡ್ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಕಥೆಯೇ ಬೇರೆ. ಅಂಥ ಅರ್ಜಿಯನ್ನು ಮೊದಲ ಪುಟದಲ್ಲೇ ಬದಿಗಿಡುತ್ತೇವೆ.

ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ಕೆಸರಾಗಿ ಕೂರಿಸುವ ನಲ್ಗೊಂಡ ವಿಧಾನ, ಫ್ಲೋರೈಡ್ ಹೀರುವ ಆಕ್ಟಿವೇಟೆಡ್ ಅಲ್ಯುಮಿನಾ ಎಲ್ಲ ಎಷ್ಟೋ ವರ್ಷಗಳಿಂದ ಇವೆ. ಆದರೂ ಹಳ್ಳಿಗಳಲ್ಲಿ ಘಟಕಗಳು ಯಾಕೆ ನಿಂತುಹೋಗುತ್ತವೆ? ಕೆಸರು ಎಲ್ಲಿ ಹಾಕಬೇಕು, ದಣಿದ ಅಲ್ಯುಮಿನಾವನ್ನು ಯಾರು ಮತ್ತೆ ಚುರುಕು ಮಾಡಬೇಕು? ಇಂಥ ಪ್ರಶ್ನೆ ಹಿಡಿದು ಬಂದರೆ ನಾನಂತೂ ನೆಟ್ಟಗೆ ಕೂತು ಓದುತ್ತಿದ್ದೆ. ಕುಡಿಯುವ ನೀರಿನ ಬಿಐಎಸ್ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಈಗ ನಿಮ್ಮ ಹಳ್ಳಿಗಳಲ್ಲಿ ಎಷ್ಟಿದೆ, ನಿಮ್ಮ ಕೆಲಸದಿಂದ ಎಷ್ಟಕ್ಕೆ ಇಳಿಯುತ್ತೆ, ಎಷ್ಟು ತಿಂಗಳು ಹಾಗೇ ನಿಲ್ಲುತ್ತೆ ಅಂತ ಬರೆಯಿರಿ. ಉದ್ದೇಶಗಳು ಮೂರು ಸಾಕು. ಎಂಟು ಬರೆದವರು ಒಂದನ್ನೂ ಮುಗಿಸುವುದಿಲ್ಲ.

ಉಪಕರಣದ ಮಾತು. ನಿಮ್ಮ ಹಳೇ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೇ ಸ್ಪಾಡ್ನ್ಸ್ ಅನ್ನುವ ಬಣ್ಣದ ರಾಸಾಯನಿಕ ಬಳಸುವ ವಿಧಾನದಿಂದ ಕಚ್ಚಾ ನೀರಿನ ಫ್ಲೋರೈಡ್ ಅಳೆಯಬಹುದು, ನಾಳೆಯೇ ಶುರು ಮಾಡಿ. ಆದರೆ ನೀರಲ್ಲಿ ಅಲ್ಯುಮಿನಿಯಂ ಸೇರಿದರೆ ಆ ವಿಧಾನ ಕೈಕೊಡುತ್ತೆ. ಅಲ್ಯುಮಿನಾ ಮೇಲೆ ಹಾಯಿಸಿದ ನೀರಿಗೆ ಫ್ಲೋರೈಡ್ ಎಲೆಕ್ಟ್ರೋಡ್ ಬೇಕು. ಎಲೆಕ್ಟ್ರೋಡ್ ಯಾಕೆ ಬೇಕು ಅನ್ನುವ ಕಾರಣ ಇದೇ, ಎರಡೇ ಸಾಲಲ್ಲಿ ಬರೆದುಬಿಡಿ. ಎಕ್ಸ್‌ಆರ್‌ಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಥರದ ದುಬಾರಿ ಯಂತ್ರ ಕೇಳಲೇಬೇಡಿ. ಧಾರವಾಡದ ಕರ್ನಾಟಕ ವಿವಿಯಲ್ಲಿ ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸಿಕೊಡುವ ಸೈಫ್ ಕೇಂದ್ರ ಇದೆ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಲ್ಯಾಬಿನಲ್ಲಿ ಯಾವ ಯಂತ್ರ ಇದೆ ಅಂತ ನೋಡಿ ಸಮಯ ಕಾದಿರಿಸಬಹುದು. ಮಾದರಿ ಪರೀಕ್ಷೆಯ ಶುಲ್ಕ ಅಂತ ಬಜೆಟ್‌ನಲ್ಲಿ ಹಾಕಿ, ಮುಗಿಯಿತು.

ವಿವಿಯೊಂದರ ಹಣಕಾಸು ವಿಭಾಗದವನು

ಮೇಷ್ಟ್ರುಗಳೆಲ್ಲ ದುಡ್ಡು ಬರುವ ಮಾತಾಡಿದಿರಿ. ಬಂದ ಮೇಲಿನ ಮಾತು ನಾನು ಹೇಳುತ್ತೇನೆ, ಏಕೆಂದರೆ ಅತ್ತುಕೊಂಡು ನಮ್ಮ ಟೇಬಲ್ ಹತ್ತಿರವೇ ಬರುತ್ತೀರಿ.

ಮೊದಲು ಜನರ ಸಂಬಳ. 2023ರಿಂದ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000; ಎಸ್‌ಆರ್‌ಎಫ್, ಅಂದರೆ ಹಿರಿಯ ಫೆಲೋಗೆ 42,000. ಹಳೇ ಪ್ರಾಜೆಕ್ಟ್ ನಕಲು ಮಾಡಿ 31,000 ಅಂತಲೇ ಬರೆದು ತರುವವರು ಈಗಲೂ ಇದ್ದಾರೆ. ಲೆಕ್ಕ ಹಾಕಿ ನೋಡಿ: ಎರಡು ವರ್ಷ ಜೆಆರ್‌ಎಫ್, ಒಂದು ವರ್ಷ ಎಸ್‌ಆರ್‌ಎಫ್ ಅಂದರೆ ಮನೆ ಬಾಡಿಗೆ ಭತ್ಯೆ ಬಿಟ್ಟೇ 13.92 ಲಕ್ಷ. 30 ಲಕ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು. ಉಳಿದದ್ದರಲ್ಲಿ ಉಪಕರಣ, ರಾಸಾಯನಿಕ, ಓಡಾಟ ಎಲ್ಲ ಆಗಬೇಕು. ಬಜೆಟ್ ಬರೆಯುವಾಗ ಇಲ್ಲಿಂದಲೇ ಶುರು ಮಾಡಿ, ಉಪಕರಣದಿಂದ ಅಲ್ಲ.

ಉಪಕರಣಕ್ಕೆ ಜಿಎಸ್‌ಟಿ ಹೆಚ್ಚಾಗಿ 18 ಶೇಕಡಾ. ಸಂಶೋಧನಾ ಸಂಸ್ಥೆಗಳಿಗೆ 5 ಶೇಕಡಾ ಇದ್ದ ಕಾಲ 2022ರ ಜುಲೈಗೆ ಮುಗಿಯಿತು. ಕೊಟೇಶನ್‌ನಲ್ಲಿ "ತೆರಿಗೆ ಪ್ರತ್ಯೇಕ" ಅಂತ ಮೂಲೆಯಲ್ಲಿ ಬರೆದಿರುತ್ತಾರೆ, ಅದನ್ನು ಸೇರಿಸಿಯೇ ಕೇಳಿ. ಸಿಗುವ ಅನುದಾನದ ಮೇಲೆಯೇ ಜಿಎಸ್‌ಟಿ ಹಾಕುತ್ತಾರಂತೆ ಅಂತ ಒಂದು ಗಾಬರಿ ಇತ್ತಲ್ಲ, ಅದಕ್ಕೆ 2024ರಲ್ಲಿ ವಿನಾಯಿತಿ ಬಂತು.

ಆಮೇಲೆ ಬಳಕೆ ಪ್ರಮಾಣಪತ್ರ, ನಾವು ಯುಸಿ ಅನ್ನುವುದು. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ, ಅಂದರೆ ಜಿಎಫ್‌ಆರ್‌ನ, 12-ಎ ನಮೂನೆಯಲ್ಲೇ ಕೊಡಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತೆ. ನಿಮಗೆ ದುಡ್ಡು ಬಂದದ್ದು ಫೆಬ್ರುವರಿಯಲ್ಲಿ ಆದರೂ ಆ ವರ್ಷದ ಲೆಕ್ಕ ಕೊಡಲೇಬೇಕು. ಲೆಕ್ಕ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ, ಕಂತು ಬರದಿದ್ದರೆ ನಿಮ್ಮ ಜೆಆರ್‌ಎಫ್ ಹುಡುಗಿಗೆ ಸಂಬಳ ಇಲ್ಲ. ಖಾತೆಯಲ್ಲಿ ಬಡ್ಡಿ ಬಂದರೆ ಅದು ನಮ್ಮದಲ್ಲ, ಸರ್ಕಾರಕ್ಕೆ ವಾಪಸ್. ಓಡಾಟದ ಹೆಡ್‌ನಲ್ಲಿ ಉಳಿದದ್ದನ್ನು ರಾಸಾಯನಿಕಕ್ಕೆ ತಿರುಗಿಸುವ ಮುಂಚೆ ಅನುಮತಿ ಇದೆಯಾ ನೋಡಿ. ಓವರ್‌ಹೆಡ್ ಅಂತ ಬರುವುದು ಸಂಸ್ಥೆಯ ಸಾಮಾನ್ಯ ಖರ್ಚಿಗೆ, ಅದನ್ನು ನಿಮ್ಮದು ಅಂತ ಎಣಿಸಬೇಡಿ.

ಇನ್ನೊಂದು. ಬಿಲ್ ಬಂದ ದಿನವೇ ಜೆರಾಕ್ಸ್ ತೆಗೆದು ನಿಮ್ಮ ಹತ್ತಿರ ಒಂದು ಫೈಲ್ ಇಟ್ಟುಕೊಳ್ಳಿ. ನಮ್ಮ ವಿಭಾಗದಲ್ಲಿ ಗುಮಾಸ್ತರು ಬದಲಾಗುತ್ತಾರೆ, ಪ್ರಾಜೆಕ್ಟ್ ನಿಮ್ಮ ಹೆಸರಲ್ಲೇ ಇರುತ್ತೆ.

ಇತಿಹಾಸ ಅಧ್ಯಾಪಕಿ, ಹಾಸನ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಓದುವ ಕಲಾ ವಿಭಾಗದವರು "ನಮಗೇನೂ ಇಲ್ಲ" ಅಂದುಕೊಳ್ಳದಿರಲಿ ಅಂತ ಬರೆಯುತ್ತಿದ್ದೇನೆ. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್‌ನ ಮೇಜರ್, ಮೈನರ್ ಪ್ರಾಜೆಕ್ಟ್‌ಗಳಿವೆ. ಇತಿಹಾಸಕ್ಕೆ ಐಸಿಎಚ್‌ಆರ್ ಇದೆ, ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ಹೋಗಿ ವಿಚಾರಿಸಬಹುದು. ಯಕ್ಷಗಾನ, ತೊಗಲುಗೊಂಬೆ, ಊರಿನ ಕಲೆಗಳ ಮೇಲೆ ಕೆಲಸ ಮಾಡುವವರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. ಅಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಬಹುದು. ನಮ್ಮಲ್ಲಿ ಎಷ್ಟು ಜನ ಇಂಗ್ಲಿಷ್ ಅರ್ಜಿಗೆ ಹೆದರಿಯೇ ಸುಮ್ಮನಾಗಿದ್ದಾರೆ!

ರಸಾಯನಶಾಸ್ತ್ರದ ಮೇಡಂಗೆ ಒಂದು ಮಾತು. ಹಳ್ಳಿಯ ಜನ ಆ ಶುದ್ಧ ನೀರನ್ನು ಯಾಕೆ ಕುಡಿಯುವುದಿಲ್ಲ, ಘಟಕ ಕೆಟ್ಟರೆ ಯಾರಿಗೆ ಹೇಳುತ್ತಾರೆ ಅನ್ನುವುದು ನಮ್ಮ ಕಡೆಯ ಪ್ರಶ್ನೆ. ನಿಮ್ಮ ವಿವಿಯ ಸಮಾಜಶಾಸ್ತ್ರದವರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ. ಅರ್ಜಿಗೂ ತೂಕ ಬರುತ್ತೆ.

ಪ್ರಶ್ನೆ ಕೇಳಿದವರು

ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ವಿವಿಯ ಸೀಡ್ ಮನಿ ಬಗ್ಗೆ ವಿಚಾರಿಸಿದೆ, ಇದೆಯಂತೆ, ಅರ್ಜಿ ಹಾಕುತ್ತಿದ್ದೇನೆ. ಸ್ಪಾಡ್ನ್ಸ್ ಕೂಡ ತರಿಸುತ್ತಿದ್ದೇನೆ. ಒಂದೇ ಅನುಮಾನ. ಅರ್ಜಿ ಜೊತೆ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕು ಅಂತಾರೆ. ನಮ್ಮದು ಸ್ನಾತಕೋತ್ತರ ಕೇಂದ್ರ. ಕೇಂದ್ರದ ನಿರ್ದೇಶಕರ ಸಹಿ ಸಾಕಾ?

ವಿವಿಯೊಂದರ ಹಣಕಾಸು ವಿಭಾಗದವನು

ಸಾಕಾಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ದುಡ್ಡು ಬರುವುದು ವಿವಿಯ ಹೆಸರಿಗೆ, ಹಾಗಾಗಿ ಕುಲಸಚಿವರ ಸಹಿ, ಮೊಹರು ತೆಗೆದುಕೊಳ್ಳುವುದು ಒಳ್ಳೆಯದು. ಪತ್ರದ ನಮೂನೆಯನ್ನು ಪ್ರಕಟಣೆಯಲ್ಲೇ ಕೊಟ್ಟಿರುತ್ತಾರೆ, ಅದರ ಒಂದು ಸಾಲೂ ಬದಲಾಯಿಸಬೇಡಿ. ಕಡತ ನಿಮ್ಮ ಕೇಂದ್ರದಿಂದ ಮುಖ್ಯ ಕ್ಯಾಂಪಸ್‌ಗೆ ಹೋಗಿ, ಸಹಿಯಾಗಿ ವಾಪಸ್ ಬರಲು ಸಮಯ ಹಿಡಿಯುತ್ತೆ. ಅರ್ಜಿ ಕರೆದ ವಾರವೇ ಕಳಿಸಿ. ಪ್ರಸ್ತಾವನೆ ಬರೆಯುವುದನ್ನು ಆಮೇಲೆ ಮುಂದುವರಿಸಿದರಾಯಿತು, ಸಹಿಗೆ ಶೀರ್ಷಿಕೆ ಮತ್ತು ಮೊತ್ತ ಗಟ್ಟಿಯಾಗಿದ್ದರೆ ಸಾಕು.