ಹಳೇ ಚೇರ್‌ಲಿಫ್ಟ್ ಕುರ್ಚಿನ ಉಯ್ಯಾಲೆ ಮಾಡಿದೋರು ಯಾರಾದ್ರೂ ಇದೀರಾ?

ನಮಸ್ಕಾರ ಎಲ್ರಿಗೂ. ನಾವಿರೋದು ನ್ಯೂ ಹ್ಯಾಂಪ್‌ಶೈರ್. ಹತ್ರದ ಒಂದು ಸ್ಕೀ ಗುಡ್ಡದಲ್ಲಿ ಹಳೇ ಡಬಲ್ ಲಿಫ್ಟ್ (ಉಕ್ಕಿನ ಹಗ್ಗಕ್ಕೆ ನೇತಾಕಿದ ಕುರ್ಚಿಲಿ ಸ್ಕೀ ಮಾಡೋರನ್ನ ಮೇಲಕ್ಕೆ ಒಯ್ಯೋದು) ಬಿಚ್ಚಿ ಕುರ್ಚಿ ಮಾರ್ತಿದಾರೆ, ಇಬ್ರು ಕೂರೋದು, ಮಧ್ಯದಲ್ಲೊಂದು ಕಂಬ. ಬೇಸಿಗೆಗೆ ಅಮ್ಮ ಬರ್ತಾರೆ, ಅವರಿಗೆ ತೂಗುಮಣೆ ಇಲ್ದಿದ್ರೆ ಆಗಲ್ಲ, ಡೆಕ್‌ನಲ್ಲಿ ಇದನ್ನೇ ನೇತಾಕೋಣ ಅಂತ. ಏನೇನು ನೋಡ್ಬೇಕು? ಹಳೇ ಲಿಫ್ಟ್ ಇನ್ನೂ ಓಡೋ ಜಾಗ ಹತ್ರದಲ್ಲಿ ಇದ್ಯಾ?

ಸ್ಪೋಕೇನ್ ಗೌಡ:
ಮಧ್ಯ ಕಂಬದ್ದು ನೋಡೋಕೆ ಚೆಂದ, ಉಯ್ಯಾಲೆಗೆ ತಲೆನೋವು. ಒಬ್ರೇ ಕೂತ್ರೆ ಆ ಕಡೆಗೆ ವಾಲುತ್ತೆ, ಮೇಲೆ ಒಂದೇ ಕಡೆ ಸಿಕ್ಕಿಸಿದ್ರೆ ಗಿರ್ರಂತ ತಿರುಗುತ್ತೆ ಕೂಡ. ಅಮ್ಮಂಗೆ ಅಂದ್ರೆ ಎರಡೂ ಬದಿಗೆ ಚೈನ್ ಕಟ್ಲೇಬೇಕು. ಯಾರ ಕಂಪನಿದು ಕೇಳಿ. ನಮ್ಮೂರಿನ ರಿಬ್ಲೆಟ್ ಇರಬೋದು, ಹಾಲ್ ಅನ್ನೋ ಕಂಪನಿಯೋರೂ ಇಂಥದ್ದು ಮಾಡ್ತಿದ್ರು. ರಿಬ್ಲೆಟ್‌ನೋರು ಮೊದಲು ಗಣಿಗಳಿಗೆ ರೋಪ್‌ವೇ ಹಾಕ್ತಿದ್ದೋರು, 1939ರಲ್ಲಿ ಒರೆಗನ್‌ನ ಮೌಂಟ್ ಹುಡ್ ಮೇಲೆ ಮ್ಯಾಜಿಕ್ ಮೈಲ್ ಚೇರ್‌ಲಿಫ್ಟ್ ಕಟ್ಟಿದ್ರು, 2003ರಲ್ಲಿ ಬಾಗಿಲು ಹಾಕಿದ್ರು. ಅವರ ವಿಶೇಷ ಅಂದ್ರೆ ಕುರ್ಚಿನ ಹಗ್ಗಕ್ಕೆ ಸಿಕ್ಕಿಸೋ ಕ್ಲಿಪ್ಪು. ಬೇರೆಯೋರು ಹಗ್ಗನ ಹೊರಗಿಂದ ಕಚ್ಚಿ ಹಿಡಿಸಿದ್ರೆ ಇವರು ಉಕ್ಕಿನ ಹಗ್ಗದ ಎಳೆ ಬಿಡಿಸಿ ಒಳಗೇ ತೂರಿಸ್ತಿದ್ರು, ಅದಕ್ಕೇ ಟವರ್ ಚಕ್ರದ ಮೇಲೆ ಸದ್ದಿಲ್ದೆ ಜಾರಿಕೊಂಡು ಹೋಗ್ತಿತ್ತು. ಕ್ಲಿಪ್ ಸಮೇತ ಕೊಟ್ರೆ ಬಿಡ್ಬೇಡಿ, ನಮ್ಮಂಥ ಹುಚ್ಚರಿಗೆ ಕುರ್ಚಿಗಿಂತ ಅದೇ ಮುಖ್ಯ 😄

ಬರ್ಲಿಂಗ್ಟನ್ ಭಟ್ಟ:
ನಮ್ಮನೇಲಿ ಒಂದಿದೆ, ಹೇಳ್ತೀನಿ ಕೇಳಿ. ಪೈಪ್ ಒಳಗೆ ಟೊಳ್ಳು, ನೀರು ಸೇರಿ ಒಳಗಿಂದಲೇ ತುಕ್ಕು ತಿಂದಿರುತ್ತೆ, ಹೊರಗೆ ಬಣ್ಣ ಫಳಫಳ ಅಂತಿರುತ್ತೆ, ಅದನ್ನ ನಂಬ್ಬೇಡಿ, ಕೆಳಗಿನ ಬೆಂಡು ಮತ್ತೆ ವೆಲ್ಡಿಂಗ್ ಜಾಗದಲ್ಲಿ ಸುತ್ತಿಗೆಲಿ ತಟ್ಟಿ ನೋಡಿ, ಸದ್ದು ಮಂಕಾಗಿ ಬಂದ್ರೆ ಬೇರೆ ತಗೊಳ್ಳಿ. ಹಳೇ ಪೇಂಟಲ್ಲಿ ಸೀಸ ಇರಬೋದು, ಒಣಗಿದ್ದನ್ನ ಉಜ್ಜೋಕೆ ಹೋಗ್ಬೇಡಿ, ಮಕ್ಕಳಿದ್ರಂತೂ ಬೇಡವೇ ಬೇಡ. ಕಂಬ ಆಳೆತ್ತರಕ್ಕಿಂತ ಉದ್ದ, ಡೆಕ್ ಚಾವಣಿ ಕೆಳಗೆ ಹಿಡಿಯಲ್ಲ. ಕತ್ತರಿಸೋಕೆ ಮನಸ್ಸು ಬರ್ಲಿಲ್ಲ ಅಂತ ನಾವು ಅಂಗಳದಲ್ಲಿ ದಪ್ಪ ಮರದ ತೊಲೆಯ ಸ್ಟ್ಯಾಂಡ್ ಮಾಡಿಸಿದ್ವಿ, ಖರ್ಚು ಕುರ್ಚಿಗಿಂತ ಜಾಸ್ತಿ ಆಯ್ತು, ಮನೆಯೋರು ಇವತ್ತಿಗೂ ಅಂತಾರೆ.

ಹಳೇದು ನೋಡ್ಬೇಕಂದ್ರೆ ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್. 1948ರ ಸಿಂಗಲ್ ಚೇರ್, ಒಬ್ಬೊಬ್ರೇ ಮೇಲಕ್ಕೆ ಹೋಗೋದು, ಮಾತಾಡೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಗುಡ್ಡ 1995ರಿಂದ ಸ್ಕೀ ಮಾಡೋರದ್ದೇ ಸಹಕಾರ ಸಂಘದ್ದು. 2007ರಲ್ಲಿ ಡಬಲ್ ಹಾಕ್ದೆ ಟವರ್‌ಗಳನ್ನ ಕಿತ್ತು ರಿಪೇರಿ ಮಾಡಿಸಿ ಮತ್ತೆ ಸಿಂಗಲ್ಲೇ ನಿಲ್ಲಿಸಿದ್ರು. ಬರೀ ಹಳೇ ಪ್ರೀತಿ ಅಲ್ಲ ಅದು, ಲೆಕ್ಕಾಚಾರನೂ ಇದೆ: ಮೇಲೆ ಹೋಗೋ ಜನ ಕಮ್ಮಿಯಾದ್ರೆ ಇಳಿಯೋ ದಾರಿಲಿ ಹಿಮ ಬೇಗ ಸವೆಯಲ್ಲ. ಸ್ನೋಬೋರ್ಡ್ ಬಿಡಲ್ಲ, ನೆನಪಿರ್ಲಿ.

ಡೆನ್ವರ್ ಮಂಜು:
ಭಟ್ರೆ ಸೂಪರ್. ಒಂದು ಸೇರಿಸ್ತೀನಿ, ಮೊದಲನೇ ಚೇರ್‌ಲಿಫ್ಟ್ 1936ರಲ್ಲಿ ಐಡಹೋದ ಸನ್ ವ್ಯಾಲಿಲಿ ಬಂತಲ್ಲ, ಅದರ ಎಂಜಿನಿಯರ್ ಜೇಮ್ಸ್ ಕರನ್ ಅನ್ನೋನು ಅದಕ್ಕೂ ಮುಂಚೆ ಹಡಗಿಗೆ ಬಾಳೆಗೊನೆ ಸಾಗಿಸೋ ಯಂತ್ರ ಮಾಡಿದ್ದೋನು. ಗೊನೆ ಕೊಕ್ಕೆ ಇದ್ದಲ್ಲಿ ಮನುಷ್ಯರನ್ನ ಕೂರಿಸ್ದ ಅಷ್ಟೇ!

ಮಧ್ಯ ಕಂಬದ ಲಿಫ್ಟ್ ಹತ್ತೋದಾದ್ರೆ ಒಳಗಿನ ಭುಜದ ಕಡೆ ತಿರುಗಿ ನೋಡಿ ಕಂಬ ಹಿಡ್ಕೊಳ್ಳಿ. ಹಳೇವು ಹತ್ತೋ ಕಡೆನೂ ನಿಧಾನ ಆಗಲ್ಲ, ಲಿಫ್ಟ್‌ನೋನು ಹಿಡಿದು ನಿಲ್ಲಿಸ್ಲಿಲ್ಲ ಅಂದ್ರೆ ಮೊಣಕಾಲು ಹಿಂದೆ ಸರಿಯಾಗೇ ಬಡಿಯುತ್ತೆ.

ಕೇಳಿದೋರು:
ಥ್ಯಾಂಕ್ಸ್ ಎಲ್ರಿಗೂ. ಫೋನ್ ಮಾಡಿದ್ದೆ, ಹಾಲ್ ಅಂತೆ, ಸೀಸನ್ ಪಾಸ್ ಇರೋರಿಗೆ ಮೊದಲು ಕೊಡ್ತಾರಂತೆ. ಪಾಸ್ ಇರೋ ಫ್ರೆಂಡ್‌ನ ಹಿಡ್ಕೊಂಡಿದೀನಿ. ಪಿಕಪ್ ಟ್ರಕ್ ಯಾರ ಹತ್ರ ಇದೆ?