ಕತ್ತೆತುಂಬೆ ಯಾವ ಕುಟುಂಬದ್ದು? ಗುರುತು ಹಿಡಿಯೋದ್ರಲ್ಲಿ ಎಡವಿದ್ದೇನೆ

ಪ್ರಶ್ನೆ:
ನಮಸ್ಕಾರ. ಚಿತ್ರದುರ್ಗದ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಗೇಣುದ್ದದ ಗಿಡ ಸಿಕ್ಕಿದೆ. ಊರಲ್ಲಿ ಕತ್ತೆತುಂಬೆ ಅಂತಾರೆ. ಹೆಸರಲ್ಲೇ ತುಂಬೆ ಇದೆ, ಬುಡದ ಎಲೆಗಳು ಎದುರುಬದುರು ಇವೆ, ಕಾಯಿ ಬಿಡಿಸಿದರೆ ನಾಲ್ಕು ಬೀಜ. ಹಾಗಾಗಿ ತುಳಸಿ, ತುಂಬೆಗಳ ಕುಟುಂಬ ಅಂತ ಬರೆದುಕೊಂಡೆ. ಆದರೆ ಹೂವು ಹೊಂದುತ್ತಿಲ್ಲ. ತಿಳಿನೀಲಿ ಬಣ್ಣ, ಐದು ಎಸಳು, ನೆಲ ನೋಡುತ್ತಾ ಜೋತು ಬಿದ್ದಿದೆ. ಎಲ್ಲಿ ತಪ್ಪಿದೆ?

ಉತ್ತರ:
ಬೀಜ ನೋಡಿ ಮೋಸ ಹೋಗಿದ್ದೀರಿ. ನಾಲ್ಕು ಬೀಜ ತುಂಬೆಯ ಕುಟುಂಬದಲ್ಲೂ ಇರುತ್ತದೆ, ನಿಮ್ಮ ಗಿಡದ ಕುಟುಂಬದಲ್ಲೂ ಇರುತ್ತದೆ. ದಂಟನ್ನು ಬೆರಳ ನಡುವೆ ಉರುಳಿಸಿ ನೋಡಿ. ತುಂಬೆಯದು ಚೌಕ, ಮೂಲೆ ಕೈಗೆ ತಾಗುತ್ತದೆ. ಹೂವೂ ಬೇರೆ: ತುಂಬೆಯದು ಬಿಳಿ, ಎರಡು ತುಟಿ, ನಾಲ್ಕು ಕೇಸರ.

ನಿಮ್ಮದು ಟ್ರೈಕೋಡೆಸ್ಮಾ ಇಂಡಿಕಮ್ ಇರಬೇಕು, ಬೊರಾಜಿನೇಸೀ ಕುಟುಂಬ. ಚೇಳುಕೊಂಡಿ ಗಿಡವನ್ನೂ ಬಹಳ ಪುಸ್ತಕಗಳು ಇದೇ ಕುಟುಂಬದಲ್ಲಿ ಇಡುತ್ತವೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ನಿಮ್ಮ ಈ ಗಿಡವನ್ನು ಬೊರಾಗೊ ಇಂಡಿಕಾ ಎಂದು ಕರೆದಿದ್ದ. ಸಂಸ್ಕೃತದಲ್ಲಿ ಅಧಃಪುಷ್ಪಿ, ಕೆಳಮುಖದ ಹೂವಿನದು. ಎಷ್ಟು ಸರಿಯಾದ ಹೆಸರು ಅಲ್ವಾ!

ಲೆನ್ಸ್ ಇದ್ದರೆ ಮೂರು ಕಡೆ ನೋಡಿ. ಎಲೆಯ ಮೇಲಿನ ಒರಟು ರೋಮದ ಬುಡದಲ್ಲಿ ಸಣ್ಣ ಗುಳ್ಳೆ ಇದೆಯಾ? ಹೂವಿನ ಹಿಂದಿನ ಹಸಿರು ಎಸಳುಗಳಿಗೆ ಬುಡದಲ್ಲಿ ಕಿವಿಯಂಥ ಚೂಪು ತುದಿ ಇದೆಯಾ? ಕೇಸರಗಳು ಹೇಗಿವೆ?

ಪ್ರಶ್ನಿಸಿದವರು:
ನೋಡಿದೆ. ದಂಟಿಗೆ ಮೂಲೆಗಳೇ ಇಲ್ಲ. ತುದಿಯ ಎಲೆಗಳು ಎದುರುಬದುರಿಲ್ಲ, ಒಂದು ಈ ಕಡೆ, ಇನ್ನೊಂದು ಆ ಕಡೆ. ತೊಟ್ಟಿಲ್ಲದೆ ದಂಟನ್ನೇ ತಬ್ಬಿಕೊಂಡಿವೆ. ಗುಳ್ಳೆಗಳು ಬಿಳಿ ಚುಕ್ಕಿಯ ಹಾಗೆ ಕಾಣುತ್ತವೆ. ಕಿವಿಗಳೂ ಇವೆ, ಪ್ರತಿ ಹಸಿರು ಎಸಳಿಗೂ ಎರಡೆರಡು. ಐದು ಕೇಸರಗಳು ಒಂದಕ್ಕೊಂದು ಅಂಟಿ ಚೂಪು ಗೋಪುರ ಆಗಿವೆ. ತುದಿಯಲ್ಲಿ ದೀಪದ ಬತ್ತಿ ಹೊಸೆದ ಹಾಗೆ ಸುತ್ತಿಕೊಂಡಿವೆ!

ಉತ್ತರ:
ಹಾಗಿದ್ದರೆ ಅನುಮಾನವೇ ಬೇಡ, ಅದೇ ಗಿಡ. ಆ ಹೊಸೆದ ತುದಿಯನ್ನು ಒಮ್ಮೆ ಕಂಡವರು ಈ ಹೂವನ್ನು ಮರೆಯಲ್ಲ. ಬುಡದ ನಾಲ್ಕೆಲೆ ನೋಡಿ ತೀರ್ಮಾನ ಮಾಡಬೇಡಿ, ಯಾವಾಗಲೂ ತುದಿಯವರೆಗೆ ನೋಡಿ.

ಪ್ರಶ್ನಿಸಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು: ತುಂಬೆ ಸೊಪ್ಪಿನ ಹಾಗೆ ಇದರ ಪಲ್ಯ ಮಾಡಬಹುದಾ?

ಉತ್ತರ:
ದಯವಿಟ್ಟು ಬೇಡ. ಈ ಕುಟುಂಬದ ಎಷ್ಟೋ ಗಿಡಗಳಲ್ಲಿ ಲಿವರ್ ಹಾಳು ಮಾಡುವ ಆಲ್ಕಲಾಯ್ಡ್‌ಗಳಿವೆ. ಕುದಿಸಿದರೂ ಅವು ಹೋಗುತ್ತವೆ ಅಂತ ನಂಬಬೇಡಿ. ಗಿಡ ಕೀಳದೆ ಬದುವಿನಲ್ಲೇ ಬಿಡಿ. ಕಾಯಿ ಬಲಿತ ಮೇಲೆ ಒಂದು ಬೀಜದ ಫೋಟೋ ಹಾಕಿ. ಹೊರಮೈ ನುಣುಪು, ಒಳಮೈ ಒರಟು ಇರುತ್ತದೆ. ಎರಡೂ ಕಡೆ ತೆಗೆಯಿರಿ.