ಪದಚರ್ಚೆ: ಕ್ಲೀನರ್ ಫಿಶ್‌ಗೆ ‘ಹೇನುಹೆಕ್ಕ’ ಅಂದ್ರೆ ಹೊಂದುತ್ತಾ?

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ನಮ್ಮ ಚಿಕ್ಕಪ್ಪನ ಮಗ ಹಿರಿಯೂರು ಕಡೆ ಹೊಂಡದಲ್ಲಿ ಕಾಟ್ಲಾ, ರೋಹು ಸಾಕ್ತಾನೆ, ಅವನಿಗೆ ಓದಿಸೋಣ ಅಂತ ನಾರ್ವೆ ಸಾಲ್ಮನ್ ಸಾಕಣೆ ಬಗ್ಗೆ ಕನ್ನಡದಲ್ಲಿ ಬರೀತಾ ಕೂತಿದ್ದೆ, ಕ್ಲೀನರ್ ಫಿಶ್ ಅನ್ನೋ ಹತ್ರ ಬಂದು ಪೆನ್ನು ನಿಂತೋಯ್ತು.

ಅಲ್ಲಿ ಸಮುದ್ರದಲ್ಲೇ ಬಲೆಯ ಪಂಜರ ಕಟ್ಟಿ ಸಾಲ್ಮನ್ ಸಾಕ್ತಾರೆ. ಸೀ ಲೈಸ್ ಅನ್ನೋ ಹುಳ ಮೀನಿಗೆ ಕಚ್ಕೊಂಡು ಲೋಳೆ, ಚರ್ಮ, ರಕ್ತ ತಿಂತಾವೆ. ಔಷಧಿ ಹಾಕಿ ಹಾಕಿ ಹುಳಕ್ಕೆ ಅದು ನಾಟದೇ ಇರಂಗಾಯ್ತು. 1980ರ ದಶಕದ ಕೊನೆಗೆ ರಾಸ್ ಅನ್ನೋ ಮೀನನ್ನ ಅದೇ ಪಂಜರಕ್ಕೆ ಬಿಟ್ಟು ನೋಡಿದ್ರು, ಅದು ಸಾಲ್ಮನ್ ಮೈಮೇಲಿನ ಹುಳನ ಒಂದೊಂದೇ ಕಿತ್ತು ತಿನ್ನುತ್ತೆ. ನೀರು ತೀರಾ ತಣ್ಣಗಾದ್ರೆ ರಾಸ್ ಮಂಕಾಗುತ್ತೆ, ಅಂಥ ಕಡೆ ಲಂಪ್‌ಫಿಶ್ ಬಿಡ್ತಾರೆ, ಗುಂಡಗೆ ಉಂಡೆ ತರ ಇರೋ ಮೀನು, ಹೊಟ್ಟೆ ಕೆಳಗಿನ ಬಿಲ್ಲೆಯಿಂದ ಎಲ್ಲಿ ಬೇಕಾದ್ರೂ ಅಂಟ್ಕೊಂಡು ಕೂರುತ್ತೆ. ಹೀಗೆ ಹುಳ ತಿನ್ನೋ ಮೀನುಗಳಿಗೇ ಕ್ಲೀನರ್ ಫಿಶ್ ಅನ್ನೋದು.

ಮೊದಲು ‘ಸ್ವಚ್ಛತಾ ಮೀನು’ ಅಂತ ಬರೆದೆ. ತಮ್ಮ ಓದಿ, ‘ಅಕ್ಕಾ, ಅಕ್ವೇರಿಯಂ ಗಾಜು ನೆಕ್ಕೋ ಕರೀ ಮೀನಾ?’ ಅಂದ. ಅವನು ಹೇಳಿದ್ದು ಸರಿ, ನಮ್ಮ ಊರಿನ ಅಂಗಡಿಗಳಲ್ಲಿ ಕ್ಲೀನರ್ ಅಂದ್ರೆ ಪಾಚಿ ತಿನ್ನೋ ಸಕ್ಕರ್ ಫಿಶ್ಶೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನು ‘ಜಾಡಮಾಲಿ ಮೀನು’ ಅಂತ ಒಬ್ರು ಸೂಚಿಸಿದ್ರು, ಮನುಷ್ಯರನ್ನ ಕೀಳಾಗಿ ಕಂಡ ಪದ ಅದು, ನಾನಂತೂ ಬರೆಯಲ್ಲ.

ಹುಳದ ಹೆಸರಲ್ಲೂ ತೊಡಕೈತೆ. ಕುರಿಗೆ ಹತ್ತೋದನ್ನ ನಾವು ಉಣ್ಣೆ ಅಂತೀವಿ, ಆದ್ರೆ ಚಳ್ಳಕೆರೆ ಕಂಬಳಿಯ ಉಣ್ಣೆನೂ ಉಣ್ಣೆನೇ, ‘ಸಾಲ್ಮನ್ ಉಣ್ಣೆ’ ಅಂತ ಬರೆದ್ರೆ ಓದೋರು ಏನಂದ್ಕೋಬೇಕು? ಮಲೆನಾಡಿನೋರ ‘ಉಣುಗು’ ಚೆನ್ನಾಗೈತೆ, ನಮ್ಮ ಬಯಲುಸೀಮೆಲಿ ಬಾಯಿಗೆ ಬರಲ್ಲ. ಸೀ ಲೈಸ್ ಅಸಲು ಹೇನಿನ ಜಾತಿ ಅಲ್ಲ, ಸಿಗಡಿ, ಏಡಿಗಳ ದೂರದ ನೆಂಟ. ಆದ್ರೂ ‘ಹೇನು’ ಅನ್ನೋದೇ ಸರಿ ಅನ್ನಿಸ್ತು. ಯಾಕಂದ್ರೆ ಹೋದ ಬೇಸಿಗೆಲಿ ಚಿಕ್ಕಪ್ಪನ ಮಗ ತನ್ನ ಹೊಂಡದಿಂದ ಕಾಟ್ಲಾ ಒಂದನ್ನ ಎತ್ತಿ ತೋರಿಸಿದ್ದ, ಈಜುರೆಕ್ಕೆ ಬುಡದಲ್ಲಿ ಗಾಜಿನ ಚೂರಿನಂಗೆ ಚಪ್ಪಟೆ ಹುಳ, ಉಗುರಿಂದ ಎಬ್ಬಿಸಿದ್ರೆ ಸರಕ್ಕನೆ ಪಕ್ಕಕ್ಕೆ ಜಾರ್ತಿತ್ತು. ಅದೂ ಸಿಗಡಿ ಬಳಗದ್ದೇ, ಆರ್ಗ್ಯುಲಸ್, ಅವನು ‘ಮೀನ್ ಹೇನು’ ಅಂತಾನೆ. ಹೊಂಡದಲ್ಲಿ ಬಿದಿರು ಗಳ ನೆಟ್ಟು, ಹೇನು ಅದರ ಮೇಲೆ ಮೊಟ್ಟೆ ಇಟ್ಟಮೇಲೆ ಕಿತ್ತು ಬಿಸಿಲಿಗೆ ಒಣಗಿಸ್ತಾನೆ. ನಾರ್ವೆಲೂ ಮೀನು ಹಿಡಿದು ಹೇನು ಎಣಿಸ್ತಾರೆ, ಸರಾಸರಿ ಮೀನೊಂದಕ್ಕೆ ದೊಡ್ಡ ಹೆಣ್ಣುಹೇನು 0.5ಕ್ಕಿಂತ ಕಮ್ಮಿ ಇರ್ಬೇಕಂತ ನಿಯಮ, ವಸಂತದಲ್ಲಿ ಕೆಲವು ವಾರ 0.2.

ಅದಕ್ಕೇ ‘ಹೇನುಹೆಕ್ಕ’. ಮರ ಕುಟ್ಟೋದು ಮರಕುಟಿಗ ಆದಂಗೆ, ಮಾಡೋ ಕೆಲಸನೇ ಹೆಸರು. ಇನ್ನೊಂದು ಕಾರಣನೂ ಐತೆ. ಪಂಜರದಲ್ಲಿ ಈ ಮೀನುಗಳು ರೋಗ ಬಂದು, ಗಾಯ ಆಗಿ ರಾಶಿ ರಾಶಿ ಸಾಯ್ತಾವೆ, ಅಲ್ಲಿನ ಜನಾನೇ ಇದು ಸರಿನಾ ಅಂತ ಕೇಳ್ತಿದಾರೆ. ‘ಜೈವಿಕ ನಿಯಂತ್ರಣ ಸಾಧನ’ ಅಂತ ಬರೆದ್ರೆ ಆ ಸಾವು ಯಾರಿಗೂ ಕಾಣಲ್ಲ, ಹೇನುಹೆಕ್ಕ ಅಂದ್ರೆ ಅದೂ ಒಂದು ಜೀವ ಅಂತ ಗೊತ್ತಾಗುತ್ತೆ.

ನನಗೆ ತಿಳೀಬೇಕಿರೋದು ಎರಡು. ‘ಹೆಕ್ಕ’ ಅನ್ನೋ ರೂಪ ವ್ಯಾಕರಣಕ್ಕೆ ಒಪ್ಪುತ್ತಾ, ಇಲ್ಲಾ ‘ಹೆಕ್ಕುಗ’ ಆಗ್ಬೇಕಾ? ಮತ್ತೆ ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯೋರು ಯಾರಾದ್ರೂ ಇದ್ರೆ, ಎಮ್ಮೆ ಬೆನ್ನ ಮೇಲೆ ಕೂತು ಉಣ್ಣೆ ಹೆಕ್ಕೋ ಹಕ್ಕಿಗೆ ಕುರಿ, ದನ ಕಾಯೋರು ಬೇರೆ ಏನಾದ್ರೂ ಹೆಸರಿಂದ ಕರೀತಾರಾ? ಇದ್ರೆ ಅದನ್ನೇ ಮೀನಿಗೂ ಇಡಬಹುದು.